ವೆಂಟಿಲೇಟರ್ ಮಾಡುವ ಗಾಯಕ್ಕೆ ಸತು ಮದ್ದಾದೀತೇ?

ಕೋವಿಡ್ ಕಾಲದ ಔಷಧಿ ಚೀಟಿ ನೆನಪಿದೆಯಾ? ಪ್ಯಾರಾಸಿಟಮಾಲ್, ವಿಟಮಿನ್ ಸಿ, ಜೊತೆಗೊಂದು ಜಿಂಕ್ ಮಾತ್ರೆ. ಎಷ್ಟೋ ಮನೆಗಳಲ್ಲಿ ಆ ಮಾತ್ರೆಯ ಪಟ್ಟಿ ಇತ್ತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಿಂದ ಒಂದು ವರದಿ ಬಂತು. ಜಿಂಕ್ ತಿಂದರೆ ಕೋವಿಡ್ ಬೇಗ ವಾಸಿಯಾಗುವುದಿಲ್ಲ ಎಂದು ಅದು ಹೇಳಿತು. ಮರುವರ್ಷ ಟುನೀಶಿಯಾದಿಂದ ಬಂದ ವರದಿ ಬೇರೆಯೇ ಮಾತು ಹೇಳಿತು. ಅಲ್ಲಿ ಜಿಂಕ್ ಪಡೆದವರಲ್ಲಿ ಐಸಿಯು ಸೇರಿದವರು ಕಡಿಮೆ ಇದ್ದರು. ಇದರ ನಡುವೆ ಇನ್ನೊಂದು ಸುದ್ದಿಯೂ ಆಗಾಗ ಕಣ್ಣಿಗೆ ಬೀಳುತ್ತದೆ: ವೆಂಟಿಲೇಟರ್‌ನಿಂದ ಶ್ವಾಸಕೋಶದಲ್ಲಿ ಆಗುವ ಉರಿಯೂತವನ್ನು ಇದೇ ಜಿಂಕ್ ತಗ್ಗಿಸಬಹುದೇ ಎಂಬ ಸಂಶೋಧನೆ.

ಓದುವವರು ಗೊಂದಲಕ್ಕೆ ಬೀಳುವುದು ಸಹಜ. ಜೀವ ಉಳಿಸುವ ಯಂತ್ರದಿಂದ ಉರಿಯೂತ ಆಗುವುದಾದರೂ ಹೇಗೆ? ಗೊಬ್ಬರದ ಅಂಗಡಿಯಲ್ಲೂ ಔಷಧಿ ಅಂಗಡಿಯಲ್ಲೂ ಸಿಗುವ ಒಂದು ಖನಿಜಕ್ಕೂ ಐಸಿಯುವಿನ ಯಂತ್ರಕ್ಕೂ ಏನು ಸಂಬಂಧ? ಕೋವಿಡ್‌ಗೆ ಕೆಲಸ ಮಾಡಲಿಲ್ಲ ಅಂದಮೇಲೆ ಮತ್ತೆ ಯಾಕೆ ಅದರ ಹಿಂದೆ ಬೀಳಬೇಕು?

ಉತ್ತರ ಸ್ವಲ್ಪ ಉದ್ದವಿದೆ. ಸತು, ಅಂದರೆ ಜಿಂಕ್, ಕೆಲಸ ಮಾಡುತ್ತದೋ ಇಲ್ಲವೋ ಎಂದು ಕೇಳುವುದರಲ್ಲೇ ಒಂದು ತೊಡಕಿದೆ. ಯಾರಿಗೆ, ಯಾವ ಹೊತ್ತಿನಲ್ಲಿ, ಏನನ್ನು ತಡೆಯಲು ಎಂದು ಸೇರಿಸಿ ಕೇಳಿದರೆ ಮಾತ್ರ ಈ ವರದಿಗಳು ಒಂದಕ್ಕೊಂದು ಯಾಕೆ ಹೊಂದುವುದಿಲ್ಲ ಎಂಬುದು ತಿಳಿಯುತ್ತದೆ.

ಉಸಿರು ಕೊಡುವ ಯಂತ್ರದಿಂದಲೇ ಗಾಯ

ನಾವು ಉಸಿರೆಳೆಯುವಾಗ ವಪೆ ಕೆಳಗಿಳಿಯುತ್ತದೆ, ಎದೆ ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ವೆಂಟಿಲೇಟರ್ ಮಾಡುವುದು ಇದರ ಉಲ್ಟಾ. ಅದು ಒತ್ತಡ ಹಾಕಿ ಗಾಳಿಯನ್ನು ಒಳಗೆ ತಳ್ಳುತ್ತದೆ.

ಹೀಗೆ ತಳ್ಳುವ ವಿಧಾನ ದೊಡ್ಡ ಮಟ್ಟದಲ್ಲಿ ಬಳಕೆಗೆ ಬಂದದ್ದು 1952ರಲ್ಲಿ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ. ಪೋಲಿಯೊ ಹಬ್ಬಿತ್ತು. ಉಸಿರಾಟದ ಸ್ನಾಯು ಸೋತವರಲ್ಲಿ ಹತ್ತಕ್ಕೆ ಎಂಟಕ್ಕೂ ಜಾಸ್ತಿ ಜನ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಕುತ್ತಿಗೆಯಲ್ಲಿ ರಂಧ್ರ ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಅದುಮಿ ಗಾಳಿ ಕೊಡಲು ಹೇಳಿದರು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ರಾತ್ರಿ ಹಗಲು ಚೀಲ ಅದುಮಿದರು. ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಇಂದಿನ ಐಸಿಯು ಹುಟ್ಟಿದ್ದೇ ಅಲ್ಲಿಂದ.

ಆ ಪೋಲಿಯೊ ರೋಗಿಗಳಲ್ಲಿ ಸೋತದ್ದು ಹೆಚ್ಚಾಗಿ ಸ್ನಾಯು. ಆಮೇಲೆ ಬಂದ ರೋಗಿಗಳ ಕಥೆ ಬೇರೆ. ನ್ಯುಮೋನಿಯಾ, ರಕ್ತದ ಸೋಂಕು, ಅಪಘಾತ, ಹೀಗೆ ಯಾವ್ಯಾವುದೋ ಕಾರಣಕ್ಕೆ ಶ್ವಾಸಕೋಶವೇ ಕೆಟ್ಟವರು. ಅಲ್ಲಿ ನೀರು ತುಂಬುತ್ತದೆ, ಗಾಳಿಚೀಲಗಳು ಕುಸಿಯುತ್ತವೆ, ಎಷ್ಟು ಆಮ್ಲಜನಕ ಕೊಟ್ಟರೂ ರಕ್ತಕ್ಕೆ ಸೇರುವುದಿಲ್ಲ. ಇಂಥ 12 ರೋಗಿಗಳನ್ನು 1967ರಲ್ಲಿ ಅಮೆರಿಕದ ವೈದ್ಯರು ಮೊದಲ ಸಲ ಒಟ್ಟಾಗಿ ವಿವರಿಸಿದರು. ಈಗ ಐಸಿಯುಗಳಲ್ಲಿ ಇದಕ್ಕೆ ಎಆರ್‌ಡಿಎಸ್ ಅನ್ನುತ್ತಾರೆ.

1974ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬ ಸಂಶೋಧಕರು ಆರೋಗ್ಯವಂತ ಇಲಿಗಳಿಗೆ ಅತಿ ಒತ್ತಡದಲ್ಲಿ ಗಾಳಿ ಕೊಟ್ಟು ನೋಡಿದರು. ಒಂದು ಗಂಟೆಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿತು. ಇಲಿಗಳಿಗೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ಕೆಡಿಸಿದ್ದು ಗಾಳಿ ತಳ್ಳಿದ ರೀತಿ.

ಮನುಷ್ಯರಲ್ಲಿ ಇದು ಇನ್ನೂ ಸೂಕ್ಷ್ಮ. ಎಆರ್‌ಡಿಎಸ್ ರೋಗಿಯ ಶ್ವಾಸಕೋಶ ಎಲ್ಲ ಕಡೆ ಒಂದೇ ಸಮ ಹಾಳಾಗಿರುವುದಿಲ್ಲ. ಇಟಲಿಯ ಲುಚಾನೊ ಗಟ್ಟಿನೋನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಸಿಟಿ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಅಂಗಾತ ಮಲಗಿದ ರೋಗಿಯಲ್ಲಿ ಬೆನ್ನಿನ ಕಡೆಯ ಭಾಗ ಮುಚ್ಚಿಕೊಂಡಿರುತ್ತದೆ, ಎದೆಯ ಕಡೆ ಮಾತ್ರ ಸ್ವಲ್ಪ ತೆರೆದಿರುತ್ತದೆ. ಅರ್ಧ ಕಾಲುವೆ ಮುಚ್ಚಿಹೋದ ಗದ್ದೆಗೆ ಮೊದಲಿನಷ್ಟೇ ನೀರು ಬಿಟ್ಟರೆ ಏನಾಗುತ್ತದೆ? ತೆರೆದ ಕಾಲುವೆಯ ಬದು ಒಡೆಯುತ್ತದೆ. ಇಲ್ಲೂ ಹಾಗೆಯೇ. ಇಡೀ ಶ್ವಾಸಕೋಶಕ್ಕೆಂದು ಕೊಟ್ಟ ಗಾಳಿಯೆಲ್ಲ ಉಳಿದಿರುವ ಸ್ವಲ್ಪ ಜಾಗಕ್ಕೇ ನುಗ್ಗಿ, ಅಲ್ಲಿನ ಗಾಳಿಚೀಲಗಳನ್ನು ಮಿತಿಮೀರಿ ಎಳೆಯುತ್ತದೆ.

ಅರ್ಧ ಲೀಟರ್ ಹಾಲಿನ ಲೆಕ್ಕ

ಒಂದು ಉಸಿರಿಗೆ ಎಷ್ಟು ಗಾಳಿ ಕೊಡಬೇಕು ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿದ್ದು 2000ದಲ್ಲಿ. ಅಮೆರಿಕದ ಆಸ್ಪತ್ರೆಗಳಲ್ಲಿ 861 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಕಿಲೋಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6. ಹೆಚ್ಚು ಗಾಳಿ ಪಡೆದವರಲ್ಲಿ 39.8 ಶೇಕಡ ಸತ್ತರು. ಕಡಿಮೆ ಪಡೆದವರಲ್ಲಿ 31 ಶೇಕಡ. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಗುಂಡಿ ತಿರುಗಿಸಿದ್ದಷ್ಟೇ. ನೂರಕ್ಕೆ ಎಂಟೊಂಬತ್ತು ಜನ ಹೆಚ್ಚಿಗೆ ಬದುಕಿದರು.

ಇಲ್ಲಿ ಕಿಲೋ ಅಂದರೆ ತಕ್ಕಡಿ ತೋರಿಸುವ ತೂಕ ಅಲ್ಲ. ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! ಒಂದು ಉದಾಹರಣೆ ನೋಡೋಣ. 155 ಸೆಂಟಿಮೀಟರ್ ಎತ್ತರದ, 80 ಕಿಲೋ ತೂಗುವ ಒಬ್ಬ ಹೆಂಗಸು. ಸೂತ್ರದ ಪ್ರಕಾರ ಅವರ ಎತ್ತರಕ್ಕೆ ತಕ್ಕ ತೂಕ ಸುಮಾರು 48 ಕಿಲೋ. ಆರರಿಂದ ಗುಣಿಸಿದರೆ ಉಸಿರಿಗೆ ಸುಮಾರು 290 ಮಿಲಿಲೀಟರ್. ತಕ್ಕಡಿಯ ತೂಕ ಹಿಡಿದರೆ 480. ಅಂದರೆ ಕಾಲು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಗಾಳಿ ಹೋಗಬೇಕಾದ ಕಡೆ ಹತ್ತಿರಹತ್ತಿರ ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ನಷ್ಟು ಗಾಳಿ ನುಗ್ಗುತ್ತದೆ. ನಿಮಿಷಕ್ಕೆ ಇಪ್ಪತ್ತು ಸಲ, ದಿನಗಟ್ಟಲೆ.

ಈ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಸತುವಿನ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ, ನೆನಪಿರಲಿ. ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕ ಚೆನ್ನಾಗಿದ್ದದ್ದು ಹೆಚ್ಚು ಗಾಳಿ ಪಡೆದವರಲ್ಲೇ. ಅಂಕಿ ನೋಡಿದವರಿಗೆ ಅವರೇ ಚೇತರಿಸುತ್ತಿದ್ದಾರೆ ಅನ್ನಿಸಬೇಕು. ಆದರೆ ಹೆಚ್ಚು ಸತ್ತದ್ದೂ ಆ ಗುಂಪಿನಲ್ಲೇ.

ಹಿಗ್ಗಿದ ಜೀವಕೋಶ ಕೂಗಿಕೊಂಡಾಗ

ಗಾಳಿಚೀಲ ಹರಿಯದೆ ಬರೀ ಅತಿಯಾಗಿ ಹಿಗ್ಗಿದರೂ ಸಾಕು, ಅದರ ಜೀವಕೋಶಗಳು ಅಪಾಯದ ಸೂಚನೆ ಹೊರಡಿಸುತ್ತವೆ. ಸೈಟೊಕೈನ್ ಎಂಬ ರಾಸಾಯನಿಕಗಳು ಹೊರಬರುತ್ತವೆ. ಬಿಳಿರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಶತ್ರು ಯಾರೂ ಇಲ್ಲದಿದ್ದರೂ ಯುದ್ಧ ಶುರುವಾಗುತ್ತದೆ. ರಕ್ತನಾಳಗಳು ಸೋರುತ್ತವೆ, ಗಾಳಿಚೀಲಗಳಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ, ಅದರಿಂದ ಇನ್ನಷ್ಟು ಜಾಗ ಮುಚ್ಚುತ್ತದೆ. ಉಳಿದ ಜಾಗಕ್ಕೆ ಇನ್ನಷ್ಟು ಎಳೆತ. ಸುತ್ತು ಹೀಗೆ ಬೆಳೆಯುತ್ತದೆ.

ಇದು ಎದೆಯೊಳಗೇ ನಿಲ್ಲುವುದಿಲ್ಲ. ಸೋರುವ ಶ್ವಾಸಕೋಶದಿಂದ ಸೈಟೊಕೈನ್‌ಗಳು ರಕ್ತ ಸೇರಿ ಮೂತ್ರಪಿಂಡ, ಯಕೃತ್ತು, ಕರುಳಿಗೆ ಹೋಗುತ್ತವೆ. ಎಆರ್‌ಡಿಎಸ್‌ನಲ್ಲಿ ಬಹಳ ಜನ ಸಾಯುವುದು ಆಮ್ಲಜನಕ ಸಾಲದೆ ಅಲ್ಲ, ಅಂಗಾಂಗಗಳು ಒಂದಾದ ಮೇಲೊಂದು ಕೈಕೊಟ್ಟು. ಕೆನಡಾದ ಆರ್ಥರ್ ಸ್ಲಟ್ಸ್‌ಕಿ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಮುಂದಿಟ್ಟ ವಾದ ಇದು. 1999ರಲ್ಲಿ 44 ರೋಗಿಗಳಲ್ಲಿ ಶ್ವಾಸಕೋಶ ತೊಳೆದ ದ್ರವವನ್ನು ಅಳೆದು ನೋಡಿದಾಗ, ಮೃದುವಾಗಿ ಗಾಳಿ ಪಡೆದವರಲ್ಲಿ ಉರಿಯೂತದ ಸೂಚಕಗಳು ಕಡಿಮೆ ಇದ್ದವು. ವಾದಕ್ಕೆ ಬಲ ಬಂತು.

ಇಷ್ಟಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಗಾಳಿಯನ್ನು ಎಷ್ಟು ಕಡಿಮೆ ಮಾಡಿದರೂ ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಹಾಗಾದರೆ ಆ ಎಳೆತವನ್ನು ತಾಳುವ ಶಕ್ತಿಯನ್ನೇ ಶ್ವಾಸಕೋಶಕ್ಕೆ ಹೆಚ್ಚಿಸಬಹುದೇ?

ಸತು ಎಲ್ಲಿಂದ ಬಂತು

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಮನುಷ್ಯರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಎಳೆದು ನೋಡಿದರು. ಎಳೆದಾಗ ಯಾವ ವಂಶವಾಹಿಗಳು ಚುರುಕಾಗುತ್ತವೆ ಎಂದು ಹುಡುಕಿದರು. ಮೆಟಾಲೊಥಯೊನಿನ್ ಎಂಬ ಪ್ರೋಟೀನ್ ಎದ್ದು ಕಂಡಿತು. ಇದು ಸತುವನ್ನು ಹಿಡಿದಿಟ್ಟುಕೊಳ್ಳುವ ಪುಟ್ಟ ಪ್ರೋಟೀನ್. ಜೀವಕೋಶಕ್ಕೆ ಪೆಟ್ಟು ಬಿದ್ದಾಗ ಹುಟ್ಟುವ ಹಾನಿಕಾರಕ ಕಣಗಳನ್ನು ಇದು ತಟಸ್ಥ ಮಾಡುತ್ತದೆ. ಇಲಿಗಳ ಶ್ವಾಸಕೋಶದಲ್ಲೂ ಅದೇ ಕಂಡಿತು. ಅಂದರೆ, ಎಳೆತಕ್ಕೆ ಸಿಕ್ಕ ಶ್ವಾಸಕೋಶ ಸುಮ್ನೆ ಕೂರುವುದಿಲ್ಲ, ತನ್ನನ್ನು ತಾನೇ ಕಾಪಾಡಿಕೊಳ್ಳಲು ನೋಡುತ್ತದೆ.

ಈ ಪ್ರೋಟೀನ್ ತಯಾರಿಸಲಾಗದ ಇಲಿಗಳಿಗೆ ಜೋರಾಗಿ ಗಾಳಿ ಕೊಟ್ಟಾಗ ಅವುಗಳ ಶ್ವಾಸಕೋಶ ಹೆಚ್ಚು ಕೆಟ್ಟಿತು. ಮೆಟಾಲೊಥಯೊನಿನ್ ತಯಾರಾಗಬೇಕಾದರೆ ಸತು ಬೇಕೇ ಬೇಕು. ಹಾಗಾಗಿ ಸತು ಕಡಿಮೆ ಇರುವ ಆಹಾರ ತಿನ್ನಿಸಿದ ಇಲಿಗಳಲ್ಲೂ ವೆಂಟಿಲೇಟರ್‌ನ ಗಾಯ ಹೆಚ್ಚಾಯಿತು. ಕೊನೆಗೆ ಸಂಶೋಧಕರು ರೋಗಿಗಳ ರಕ್ತ ನೋಡಿದರು. ಮುಂದೆ ಎಆರ್‌ಡಿಎಸ್‌ಗೆ ತಿರುಗಿದವರ ರಕ್ತದಲ್ಲಿ ಸತು ಕಡಿಮೆ ಇತ್ತು. ಆರೋಗ್ಯವಂತರಿಗಿಂತ ಮಾತ್ರವಲ್ಲ, ಎಆರ್‌ಡಿಎಸ್ ಬಾರದ ಇತರ ಐಸಿಯು ರೋಗಿಗಳಿಗಿಂತಲೂ ಕಡಿಮೆ.

ಇನ್ನೊಂದು ದಾರಿಯೂ ಇದೆ. ಉರಿಯೂತ ಶುರುವಾದಾಗ ಜೀವಕೋಶ ತನ್ನ ಗೋಡೆಯಲ್ಲಿ ಸತು ಒಳಗೆ ತರುವ ಒಂದು ಬಾಗಿಲನ್ನು ತೆರೆಯುತ್ತದೆ. ಒಳಗೆ ಬಂದ ಸತು ಉರಿಯೂತದ ಸಂಕೇತ ಸಾಗಿಸುವ ಕಿಣ್ವವೊಂದಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಗಾಡಿ ಓಡತೊಡಗಿದ ಕೂಡಲೇ ಬ್ರೇಕ್ ಮೇಲೂ ಕಾಲಿಟ್ಟ ಹಾಗೆ. ಅಮೆರಿಕದ ಓಹಾಯೊದ ಸಂಶೋಧಕರು 2013ರಲ್ಲಿ ಇದನ್ನು ತೋರಿಸಿದರು. ಸತು ಸಾಲದಿದ್ದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಇಷ್ಟು ಓದಿದ ಯಾರಿಗಾದರೂ ಅನ್ನಿಸುವುದು ಒಂದೇ: ಹಾಗಾದರೆ ವೆಂಟಿಲೇಟರ್ ಹಾಕಿದವರಿಗೆಲ್ಲ ಸತು ಕೊಟ್ಟುಬಿಡಿ, ಅಲ್ವಾ? ಅಗ್ಗದ ಖನಿಜ, ಕೊಟ್ಟರೆ ಏನು ನಷ್ಟ?

ರಕ್ತದಲ್ಲಿ ಕಡಿಮೆ ಅಂದರೆ ಕೊರತೆಯೇ?

ಇಡೀ ವಿವಾದ ನಿಂತಿರುವುದು ಇಲ್ಲಿ. ದೊಡ್ಡವರ ಮೈಯಲ್ಲಿ ಒಟ್ಟು ಎರಡು ಮೂರು ಗ್ರಾಂ ಸತು ಇರುತ್ತದೆ. ಹೆಚ್ಚಿನದು ಸ್ನಾಯು ಮತ್ತು ಮೂಳೆಯಲ್ಲಿ. ರಕ್ತದ ದ್ರವದಲ್ಲಿ ಇರುವುದು ಸಾವಿರದಲ್ಲಿ ಒಂದು ಪಾಲು. ಲ್ಯಾಬ್ ಅಳೆಯುವುದು ಆ ಒಂದು ಪಾಲನ್ನು.

ಊರಲ್ಲಿ ಗಲಾಟೆ ಶುರುವಾದರೆ ಅಂಗಡಿಯವರು ಮುಂದೆ ಹರಡಿದ ಮಾಲನ್ನು ಬೇಗ ಬೇಗ ಗೋಡೌನ್‌ಗೆ ಸಾಗಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ಅಂಗಡಿ ಖಾಲಿ. ದೇಹವೂ ಹಾಗೇ ಮಾಡುತ್ತದೆ. ಸೋಂಕು ಅಥವಾ ದೊಡ್ಡ ಗಾಯವಾದ ಕೆಲವೇ ಗಂಟೆಗಳಲ್ಲಿ ಐಎಲ್-6 ಎಂಬ ಸೈಟೊಕೈನ್ ಯಕೃತ್ತಿಗೆ ಸೂಚನೆ ಕೊಡುತ್ತದೆ. ಯಕೃತ್ತು ರಕ್ತದಿಂದ ಸತುವನ್ನು ಎಳೆದುಕೊಂಡು, ಅದೇ ಮೆಟಾಲೊಥಯೊನಿನ್‌ನಲ್ಲಿ ಕಟ್ಟಿಡುತ್ತದೆ. ಬ್ಯಾಕ್ಟೀರಿಯಾ ಬೆಳೆಯಲೂ ಸತು ಬೇಕು. ಅದಕ್ಕೆ ಸಿಗದಂತೆ ಬಚ್ಚಿಡುವುದೂ ದೇಹದ ಒಂದು ಉಪಾಯ. ಜೊತೆಗೆ, ರಕ್ತದಲ್ಲಿ ಸತು ಹೆಚ್ಚಾಗಿ ಓಡಾಡುವುದು ಅಲ್ಬುಮಿನ್ ಎಂಬ ಪ್ರೋಟೀನ್‌ನ ಬೆನ್ನೇರಿ. ಕಾಯಿಲೆ ಜೋರಾದಾಗ ಅಲ್ಬುಮಿನ್ ಇಳಿಯುತ್ತದೆ, ಸತುವಿನ ಅಂಕಿಯೂ ಅದರ ಜೊತೆ ಇಳಿಯುತ್ತದೆ.

ಹಾಗಾಗಿ ಐಸಿಯು ರೋಗಿಯ ವರದಿಯಲ್ಲಿ ಸತು ಕಡಿಮೆ ಎಂದಿದ್ದರೆ ಎರಡು ಅರ್ಥ ಸಾಧ್ಯ. ಆತ ತಿಂಗಳುಗಳಿಂದ ಸರಿಯಾಗಿ ಉಣ್ಣದೆ ನಿಜವಾಗಿ ಬರಿದಾಗಿರಬಹುದು. ಅಥವಾ ಮೊನ್ನೆಯವರೆಗೆ ಚೆನ್ನಾಗಿದ್ದು, ಕಾಯಿಲೆ ತೀವ್ರವಾದ್ದರಿಂದ ಸತು ಒಳಗೆ ಸರಿದಿರಬಹುದು. ಮೊದಲನೆಯವನಿಗೆ ಕೊಟ್ಟರೆ ಉಪಕಾರ. ಎರಡನೆಯವನಿಗೆ ಕೊಟ್ಟರೆ? ದೇಹ ಬೇಕೆಂದೇ ಮಾಡಿದ ಏರ್ಪಾಡನ್ನು ನಾವು ಕೆಡಿಸಿದಂತೆ ಆಗಬಹುದು. ರಕ್ತದಲ್ಲಿ ವಿಷಾಂಶ ಹಬ್ಬಿದ ಹಂದಿಗಳಿಗೆ ಆ ಹೊತ್ತಿನಲ್ಲೇ ಸತು ಕೊಟ್ಟ ಪ್ರಯೋಗದಲ್ಲಿ ಹಾನಿಯೇ ಕಂಡಿದೆ.

ಇದು ಬರೀ ತರ್ಕದ ಭಯ ಅಲ್ಲ. ಗ್ಲುಟಮಿನ್ ಎಂಬ ಅಮೈನೊ ಆಮ್ಲದ ವಿಷಯದಲ್ಲಿ ಇದೇ ದಾರಿ ಹಿಡಿದು ವೈದ್ಯಲೋಕ ಒಮ್ಮೆ ಎಡವಿದೆ. ಗಂಭೀರ ರೋಗಿಗಳ ರಕ್ತದಲ್ಲಿ ಗ್ಲುಟಮಿನ್ ಕಡಿಮೆ, ಕಡಿಮೆ ಇದ್ದವರು ಹೆಚ್ಚು ಸಾಯುತ್ತಾರೆ, ಆದ್ದರಿಂದ ಕೊಡೋಣ ಎಂಬುದು ಲೆಕ್ಕಾಚಾರವಾಗಿತ್ತು. ಕೆನಡಾ, ಅಮೆರಿಕ ಮತ್ತು ಯುರೋಪಿನ 40 ಐಸಿಯುಗಳಲ್ಲಿ, ವೆಂಟಿಲೇಟರ್ ಮೇಲಿದ್ದ 1223 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಗ್ಲುಟಮಿನ್ ಪಡೆದವರಲ್ಲಿ ಆರು ತಿಂಗಳ ಹೊತ್ತಿಗೆ ಸಾವು ಹೆಚ್ಚಾಗಿತ್ತು. ಅದೇ ಪರೀಕ್ಷೆಯ ಇನ್ನೊಂದು ಭಾಗದಲ್ಲಿ ಸತು, ಸೆಲೆನಿಯಮ್ ಮತ್ತು ಕೆಲವು ವಿಟಮಿನ್‌ಗಳನ್ನು ಬೆರೆಸಿ ಕೊಟ್ಟಿದ್ದರು. ಅದರಿಂದ ಲಾಭವೂ ಕಾಣಲಿಲ್ಲ.

ಪರೀಕ್ಷೆಗಳು ಯಾಕೆ ಒಂದೊಂದು ಮಾತು ಹೇಳುತ್ತವೆ

ಬಾಂಗ್ಲಾದೇಶದ ಮತ್ಲಬ್‌ನಲ್ಲಿ ತೀವ್ರ ನ್ಯುಮೋನಿಯಾ ಆಗಿದ್ದ 270 ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ ಸತು ಅಥವಾ ಹುಸಿಮದ್ದು ಕೊಟ್ಟರು. 2004ರ ವರದಿ ಪ್ರಕಾರ ಸತು ಪಡೆದ ಮಕ್ಕಳು ಬೇಗ ಗುಣವಾದರು. ಎರಡು ವರ್ಷದ ಬಳಿಕ ವೆಲ್ಲೂರಿನಿಂದ ಬಂದ ವರದಿ ಹಾಗಿರಲಿಲ್ಲ. 299 ಮಕ್ಕಳಲ್ಲಿ ಒಟ್ಟಾರೆ ಏನೂ ಲಾಭವಿಲ್ಲ. ಬೇಸಿಗೆಯಲ್ಲಿ ಸೇರಿದ ಮಕ್ಕಳಲ್ಲಂತೂ ಸತು ಪಡೆದವರ ಕಾಯಿಲೆ ಹೆಚ್ಚು ದಿನ ಎಳೆಯಿತು. 2012ರಲ್ಲಿ ದೆಹಲಿಯಿಂದ ಮತ್ತೆ ಒಳ್ಳೆಯ ಸುದ್ದಿ. ಗಂಭೀರ ಸೋಂಕು ತಗುಲಿದ, ನಾಲ್ಕು ತಿಂಗಳೊಳಗಿನ ಶಿಶುಗಳಿಗೆ ಆ್ಯಂಟಿಬಯೋಟಿಕ್ ಜೊತೆ 10 ಮಿಲಿಗ್ರಾಂ ಸತು ಕೊಟ್ಟಾಗ, ಚಿಕಿತ್ಸೆ ಫಲಿಸದ ಮಕ್ಕಳ ಪ್ರಮಾಣ ನೂರಕ್ಕೆ 17ರಿಂದ 10ಕ್ಕೆ ಇಳಿಯಿತು.

ಮೂರೂ ಕಡೆ ಒಂದೇ ಸತು. ಬೇರೆಯಾಗಿದ್ದದ್ದು ಮಕ್ಕಳ ವಯಸ್ಸು, ಸೋಂಕು, ಮೊದಲಿದ್ದ ಪೋಷಣೆ. ಭೇದಿಗೆ ಓಆರ್‌ಎಸ್ ಜೊತೆ ಸತು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2004ರಿಂದ ಹೇಳುತ್ತಿದೆ. ಅದು ಗಟ್ಟಿಯಾಗಿ ನಿಂತ ಸಲಹೆ. ಕಾರಣ ಸರಳ: ಭೇದಿಯಲ್ಲಿ ಸತು ಮೈಯಿಂದ ನಿಜವಾಗಿಯೂ ಹೊರಟುಹೋಗುತ್ತದೆ. ಕಳೆದದ್ದನ್ನು ತುಂಬುವುದು ಒಂದು ಕೆಲಸ, ಇರುವುದರ ಮೇಲೆ ಸುರಿಯುವುದು ಇನ್ನೊಂದು.

ಐಸಿಯುನಲ್ಲಿದ್ದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಇನ್ನೊಂದು ಪರೀಕ್ಷೆ 293 ಮಕ್ಕಳಾದ ಮೇಲೆ ಲಾಭ ಕಾಣದೆ ನಿಂತಿತು. ಅಲ್ಲೂ ಸತು ಒಂಟಿಯಾಗಿರಲಿಲ್ಲ, ಇತರ ಮೂರು ಪದಾರ್ಥಗಳ ಜೊತೆ ಬೆರೆತಿತ್ತು. ಇಂಥ ಮಿಶ್ರಣದಲ್ಲಿ ಒಂದು ಒಳ್ಳೆಯದು ಮಾಡಿ ಇನ್ನೊಂದು ಕೆಟ್ಟದ್ದು ಮಾಡಿದರೆ ನಮಗೆ ಗೊತ್ತಾಗುವುದೇ ಇಲ್ಲ. ಕ್ಲೀವ್‌ಲ್ಯಾಂಡ್‌ನ ಕೋವಿಡ್ ಪರೀಕ್ಷೆಯಲ್ಲಿದ್ದ 214 ಜನ ಮನೆಯಲ್ಲೇ ಇದ್ದವರು, ಟುನೀಶಿಯಾದಲ್ಲಿ 470 ಜನ ಇದ್ದರು, ಅವರಲ್ಲಿ ಆಸ್ಪತ್ರೆ ಸೇರಿದವರೂ ಇದ್ದರು. ಈ ಎರಡರಲ್ಲಿ ಯಾವುದೂ ವೆಂಟಿಲೇಟರ್‌ನ ಎಳೆತಕ್ಕೆ ಸತು ತಡೆಯಾಗುತ್ತದೆಯೇ ಎಂದು ಕೇಳಿದ್ದೇ ಅಲ್ಲ. ಹಾಗಾಗಿ ಕೋವಿಡ್‌ನಲ್ಲಿ ಸೋತಿತು, ಇಲ್ಲೂ ಸೋಲುತ್ತದೆ ಎನ್ನುವುದು ಸರಿಯಲ್ಲ. ಅಲ್ಲಿ ಗೆದ್ದಿತು, ಇಲ್ಲೂ ಗೆಲ್ಲುತ್ತದೆ ಎನ್ನುವುದೂ ಅಷ್ಟೇ ತಪ್ಪು.

ಸರಿಯಾದ ಪರೀಕ್ಷೆ ಅಂದರೆ ಹೇಗಿರಬೇಕು

ಇಲಿಗಳಿಗೆ ಸತುವಿನ ಕೊರತೆ ಆದದ್ದು ವೆಂಟಿಲೇಟರ್ ಹಾಕುವ ಮೊದಲು. ಆಸ್ಪತ್ರೆಯಲ್ಲಿ ನಾವು ರೋಗಿಯನ್ನು ನೋಡುವ ಹೊತ್ತಿಗೆ ಉರಿಯೂತ ಹೊತ್ತಿಯಾಗಿರುತ್ತದೆ. ಬೆಂಕಿ ಬೀಳುವ ಮುನ್ನ ಮಾಡು ನೆನೆಸುವುದಕ್ಕೂ ಬಿದ್ದ ಮೇಲೆ ನೀರೆರಚುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಅರ್ಥಪೂರ್ಣ ಪರೀಕ್ಷೆಗೆ ಸರಿಯಾದ ಜಾಗ ಯೋಜಿತ ದೊಡ್ಡ ಶಸ್ತ್ರಚಿಕಿತ್ಸೆಗಳು ಅನ್ನಿಸುತ್ತದೆ. ಅಲ್ಲಿ ವೆಂಟಿಲೇಟರ್ ಹಾಕುವ ದಿನ ಮೊದಲೇ ಗೊತ್ತಿರುತ್ತದೆ. ಕಾಯಿಲೆ ಜೋರಾಗುವ ಮೊದಲೇ ರಕ್ತ ನೋಡಿ, ನಿಜವಾದ ಕೊರತೆ ಇದ್ದವರನ್ನು ಗುರುತಿಸಬಹುದು. ಅವರಿಗೆ ವಾರಗಳ ಮುಂಚೆಯೇ ಸತು ಕೊಡಬಹುದು.

ತುರ್ತಾಗಿ ಬಂದವರಲ್ಲಿ ಕಷ್ಟ ಜಾಸ್ತಿ. ಅವರಲ್ಲಿ ಸತುವಿನ ಅಂಕಿಯೊಂದನ್ನೇ ನೋಡಿದರೆ ಸಾಲದು, ಅಲ್ಬುಮಿನ್ ಮತ್ತು ಉರಿಯೂತದ ಸೂಚಕ ಸಿಆರ್‌ಪಿಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಕೊಡುವ ದಾರಿಯೂ ಮುಖ್ಯ. ಐಸಿಯು ರೋಗಿಯ ಕರುಳು ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲ. ರಕ್ತನಾಳದ ಮೂಲಕ ಕೊಟ್ಟರೆ ಪೂರ್ತಿ ಸೇರುತ್ತದೆ, ಆದರೆ ಜಾಸ್ತಿಯಾಗುವ ಅಪಾಯವೂ ಅಲ್ಲೇ. ಶ್ವಾಸಕೋಶಕ್ಕೆ ನೇರವಾಗಿ ಆವಿಯಲ್ಲಿ ಕೊಡಬಹುದಲ್ಲ ಎಂದು ಯಾರಿಗಾದರೂ ಹೊಳೆಯಬಹುದು. ಅದನ್ನಂತೂ ಯೋಚಿಸಲೇಬಾರದು. ಸೈನ್ಯದ ಹೊಗೆಬಾಂಬ್‌ಗಳಲ್ಲಿ ಹುಟ್ಟುವ ಜಿಂಕ್ ಕ್ಲೋರೈಡ್ ಹೊಗೆಯನ್ನು ಉಸಿರಾಡಿದವರಿಗೆ ಎಆರ್‌ಡಿಎಸ್ ಬಂದ ದಾಖಲೆಗಳಿವೆ. ರಕ್ತದಲ್ಲಿ ಕಾಯುವ ಖನಿಜವೇ ಗಾಳಿಯಲ್ಲಿ ಬಂದರೆ ಸುಡುತ್ತದೆ.

ಇನ್ನು ಫಲಿತಾಂಶ ಅಳೆಯುವ ವಿಷಯ. ಐಎಲ್-6 ಇಳಿಯಿತೇ ಎಂದು ನೋಡುವುದು ಸುಲಭ, ನಲವತ್ತೈವತ್ತು ರೋಗಿಗಳಲ್ಲೇ ಉತ್ತರ ಸಿಗಬಹುದು. ಆದರೆ 2000ದ ಪರೀಕ್ಷೆಯಲ್ಲಿ ಆಮ್ಲಜನಕದ ಅಂಕಿ ಹೇಗೆ ದಾರಿ ತಪ್ಪಿಸಿತ್ತು ಎಂದು ನೆನಪಿಸಿಕೊಳ್ಳಿ. ಅಂಕಿ ಚೆನ್ನಾಗಿ ಕಂಡರೂ ಜೀವ ಉಳಿಯದೇ ಇರಬಹುದು. ಜೀವ ಉಳಿಯಿತೇ ಎಂದು ನೋಡಬೇಕಾದರೆ ರೋಗಿಗಳ ಸಂಖ್ಯೆ ದೊಡ್ಡದಾಗಬೇಕು. ಸಾವು ನೂರಕ್ಕೆ 40ರಿಂದ 35ಕ್ಕೆ ಇಳಿಯುತ್ತದೆ ಎಂದುಕೊಂಡರೂ, ಅದನ್ನು ನಂಬುವಂತೆ ಸಾಬೀತು ಮಾಡಲು ಎರಡೂ ಗುಂಪು ಸೇರಿ ಸುಮಾರು 3000 ರೋಗಿಗಳು ಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕು. ಸತುವಿಗೆ ಪೇಟೆಂಟ್ ಇಲ್ಲ, ಅದರಿಂದ ಯಾವ ಕಂಪನಿಗೂ ದೊಡ್ಡ ಲಾಭವಿಲ್ಲ. ಹಾಗಾಗಿ ಹಣ ಹಾಕಬೇಕಾದದ್ದು ಸರ್ಕಾರಗಳು. ಸಣ್ಣ ಸಣ್ಣ ಪರೀಕ್ಷೆಗಳೇ ಮತ್ತೆ ಮತ್ತೆ ಬರುವುದು, ಅವು ಒಂದಕ್ಕೊಂದು ಎದುರು ನಿಲ್ಲುವುದು ಇದರಿಂದಲೇ.

ನಮ್ಮ ತಟ್ಟೆ, ನಮ್ಮ ಮಣ್ಣು

ಸತುವಿನ ಕೊರತೆ ಮನುಷ್ಯರಿಗೆ ಆಗುತ್ತದೆ ಎಂದು ಮೊದಲು ಗುರುತಿಸಿದ್ದು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. 1958ರಲ್ಲಿ ಇರಾನ್‌ನ ಶಿರಾಜ್‌ನಲ್ಲಿ ಅವರ ಬಳಿ 21 ವರ್ಷದ ಯುವಕನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗನಂತೆ ಇದ್ದ. ತಿನ್ನುತ್ತಿದ್ದದ್ದು ಹೆಚ್ಚಾಗಿ ಹುದುಗಿಸದ ರೊಟ್ಟಿ, ಜೊತೆಗೆ ಮಣ್ಣು. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ಪದಾರ್ಥ ಸತುವನ್ನು ಹಿಡಿದುಕೊಂಡು, ಕರುಳು ಹೀರದಂತೆ ಮಾಡುತ್ತದೆ. ಊಟದಲ್ಲಿ ಸತು ಇದ್ದರೂ ಮೈಗೆ ಸೇರುವುದಿಲ್ಲ.

ನಮ್ಮ ರಾಗಿಯಲ್ಲೂ ಬೇಳೆಕಾಳಿನಲ್ಲೂ ಫೈಟೇಟ್ ಇದೆ. ಮೊಳಕೆ ಕಟ್ಟಿ ಮಾಡಿದ ರಾಗಿ ಸರಿ, ಹುಳಿ ಬರಿಸಿದ ದೋಸೆ ಹಿಟ್ಟಿನಲ್ಲಿ ಅದು ಕಡಿಮೆಯಾಗುತ್ತದೆ. ಇಂಥ ಊಟವನ್ನು ಲೆಕ್ಕಕ್ಕೆ ಹಿಡಿದೇ ಭಾರತದ 2020ರ ಮಾರ್ಗಸೂಚಿ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸರಿಗೆ ಸುಮಾರು 13 ಮಿಲಿಗ್ರಾಂ ಸತು ಬೇಕು ಎನ್ನುತ್ತದೆ. ಅಮೆರಿಕದಲ್ಲಿ ಇದು 11 ಮತ್ತು 8. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ನೂರಕ್ಕೆ 32 ಮಂದಿಗೆ ಸತುವಿನ ಕೊರತೆ ಕಂಡಿತ್ತು. ನಮ್ಮ ಹೊಲಗಳಲ್ಲೂ ಸತು ಕಡಿಮೆ ಇರುವ ಮಣ್ಣು ಬಹಳ. ಭತ್ತ, ಮೆಕ್ಕೆಜೋಳಕ್ಕೆ ಜಿಂಕ್ ಸಲ್ಫೇಟ್ ಹಾಕುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಅರ್ಥ ಇಷ್ಟು: ನಿಜವಾದ ಕೊರತೆ ಹೊತ್ತು ಐಸಿಯುಗೆ ಬರುವವರು ಬೋಸ್ಟನ್‌ಗಿಂತ ರಾಯಚೂರಿನಲ್ಲಿ ಜಾಸ್ತಿ ಇರಬಹುದು. ಸತುವಿನಿಂದ ಲಾಭ ಆಗುವುದಿದ್ದರೆ ಅದು ಮೊದಲು ಕಾಣಬೇಕಾದದ್ದು ಇಂಥವರಲ್ಲಿ. ಚೆನ್ನಾಗಿ ಉಂಡ ದೇಶಗಳ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ ಎಂಬ ಕಾರಣಕ್ಕೆ ಇಲ್ಲಿ ಪ್ರಶ್ನೆಯನ್ನೇ ಮುಚ್ಚಿಬಿಟ್ಟರೆ ನಷ್ಟ ನಮಗೆ. ಈ ಪರೀಕ್ಷೆ ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯಲೇಬೇಕು.

ಹಾಗೆಂದು ಮನೆಯಲ್ಲಿ ಕುಳಿತು ದಿನಾ 50 ಮಿಲಿಗ್ರಾಂ ನುಂಗಲು ಶುರು ಮಾಡುವುದು ಬೇಡ. ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲಿನ ಮಿತಿ. ತಿಂಗಳುಗಟ್ಟಲೆ ಇದನ್ನು ಮೀರಿದರೆ ಕರುಳಿನ ಗೋಡೆಯಲ್ಲಿ ಮೆಟಾಲೊಥಯೊನಿನ್ ಹೆಚ್ಚುತ್ತದೆ. ಶ್ವಾಸಕೋಶ ಕಾಯುತ್ತದೆ ಎಂದೆವಲ್ಲ, ಅದೇ ಪ್ರೋಟೀನ್. ಅದಕ್ಕೆ ಸತುವಿಗಿಂತ ತಾಮ್ರವೆಂದರೆ ಹೆಚ್ಚು ಒಲವು. ಊಟದಲ್ಲಿ ಬಂದ ತಾಮ್ರವನ್ನೆಲ್ಲ ಕರುಳಲ್ಲೇ ಹಿಡಿದು ಹೊರಹಾಕುತ್ತದೆ. ಆಮೇಲೆ ರಕ್ತಹೀನತೆ, ಬಿಳಿರಕ್ತಕಣಗಳ ಇಳಿಕೆ, ಕಾಲು ಜೋಮು ಹಿಡಿಯುವ ನರದ ತೊಂದರೆ.

ಮನೆಯವರ ಮುಂದೆ ಕಾಗದ ಬಂದಾಗ

ವೆಂಟಿಲೇಟರ್ ಮೇಲಿರುವ ರೋಗಿಗೆ ಹೆಚ್ಚಾಗಿ ಪ್ರಜ್ಞೆ ಇರುವುದಿಲ್ಲ. ಪರೀಕ್ಷೆಗೆ ಸೇರಿಸಲು ಸಹಿ ಕೇಳುವುದು ಹೊರಗೆ ಕಾದು ಕುಳಿತ ಮಗನನ್ನೋ ಹೆಂಡತಿಯನ್ನೋ. ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ನಿಜ. ಆದರೂ ಕೆಲವು ಮಾತು ಕೇಳುವುದು ನಿಮ್ಮ ಹಕ್ಕು. ಈ ಪರೀಕ್ಷೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದೆಯೇ? ನೈತಿಕ ಸಮಿತಿ ಒಪ್ಪಿದೆಯೇ? ನಮ್ಮವರಿಗೆ ಸತು ಕೊಡುವಿರೋ, ಅಥವಾ ಹುಸಿಮದ್ದು ಸಿಗಬಹುದೋ? ತಾಮ್ರದ ಮಟ್ಟವನ್ನೂ ನೋಡುತ್ತೀರಾ? ಬೇಡವೆಂದರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಒಪ್ಪಿದ ಮೇಲೆ ಹಿಂದೆ ಸರಿಯಲೂ ಅವಕಾಶವಿದೆ.

ಕೇಳಬೇಕಾದ ಇನ್ನೊಂದು ಪ್ರಶ್ನೆಗೆ ಪರೀಕ್ಷೆಯೂ ಬೇಡ, ಸತುವೂ ಬೇಡ. ರೋಗಿಯ ಎತ್ತರ ಅಳೆದಿದ್ದೀರಾ? 50 ದೇಶಗಳ 459 ಐಸಿಯುಗಳನ್ನು ನೋಡಿದ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಎಆರ್‌ಡಿಎಸ್ ಇದ್ದವರಲ್ಲಿ ಹತ್ತಕ್ಕೆ ಆರು ಮಂದಿಯ ಕಾಯಿಲೆಯನ್ನಷ್ಟೇ ವೈದ್ಯರು ಗುರುತಿಸಿದ್ದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ರೋಗಿಗಳಿಗೆ ಕಿಲೋಗೆ 8 ಮಿಲಿಲೀಟರ್ ದಾಟಿದ ಗಾಳಿ ಹೋಗುತ್ತಿತ್ತು. ಆ ದೊಡ್ಡ ಪರೀಕ್ಷೆ ಮುಗಿದು ಹದಿನೈದು ವರ್ಷ ಆದಮೇಲಿನ ಮಾತಿದು.

ಸತುವಿನ ಪರೀಕ್ಷೆಗೂ ಇದು ಮುಖ್ಯವೇ. ಗಾಳಿಯ ಪ್ರಮಾಣವೇ ಒಬ್ಬೊಬ್ಬರಿಗೆ ಒಂದೊಂದು ಥರ ಇದ್ದರೆ, ಒಂದು ಗುಂಪು ಚೇತರಿಸಿದ್ದು ಸತುವಿನಿಂದಲೋ ಮೃದುವಾದ ಗಾಳಿಯಿಂದಲೋ ಎಂದು ಬೇರ್ಪಡಿಸಲಾಗದು. ಆದ್ದರಿಂದ ಮೊದಲ ಡೋಸ್ ಕೊಡುವ ಮುನ್ನ ಅಲ್ಲಿ ಆಗಬೇಕಾದ ಕೆಲಸ ಒಂದಿದೆ. ಮಲಗಿರುವ ರೋಗಿಯ ಪಕ್ಕ, ನೆತ್ತಿಯಿಂದ ಹಿಮ್ಮಡಿವರೆಗೆ ಅಳತೆ ಟೇಪು ಹಿಡಿದು, ಬಂದ ಸೆಂಟಿಮೀಟರನ್ನು ಹಾಸಿಗೆಯ ತಲೆಕಡೆಯ ಹಾಳೆಯಲ್ಲಿ ಬರೆಯಬೇಕು.